ಗುಡ್ಡದ ಓಟಕ್ಕ ಹೆಸರು ಕೊಟ್ಟೀರೇನ್ರಿ? ಮೊದಲ ಇಳಿಯೂದು ಕಲೀರಿ

ಸಹ್ಯಾದ್ರಿ ಕಡೆ ಗುಡ್ಡದ ಓಟಕ್ಕ ಹೊಂಟವರಿಗೆ ಒಂದ್ ಮಾತು. ನಮ್ಮ ಹುಬ್ಬಳ್ಳಿ-ಧಾರವಾಡದ ಡಾಂಬರ್ ರಸ್ತೆದಾಗ 10 ಕಿಲೋಮೀಟರ್ ಓಡಿದ ಲೆಕ್ಕ ಅಲ್ಲಿ ನಡಿಯಂಗಿಲ್ಲ. ಕಡಿದಾದ ಏರು ಬಂದ್ರ ನಾಚಿಕಿ ಬಿಟ್ಟು ನಡೀರಿ. ಸಣ್ಣ ಹೆಜ್ಜಿ, ಕೈ ತೊಡಿ ಮ್ಯಾಲ. ಓಡಾವ್ರಿಗಿಂತ ಭಾಳ ಹಿಂದ ಏನ್ ಬೀಳಂಗಿಲ್ಲ, ಉಸಿರು ಉಳೀತದ.

ಖರೇ ತ್ರಾಸು ಇಳಿಜಾರಿನಾಗ ಐತಿ. ಇಳಿಯುವಾಗ ತೊಡಿ ಸ್ನಾಯು ಹಿಗ್ಗಿಕೋತನ ಬ್ರೇಕ್ ಹಾಕಬೇಕು, ಅದಕ್ಕ ನೋವು ಮರುದಿನ ಬರ್ತದ. ಮೊದಲನೇ ಸಲ ನಾ ಎರಡು ದಿನ ಗ್ವಾಡಿ ಹಿಡ್ಕೊಂಡ ಮನಿ ಪಾವಟಿಗಿ ಇಳದೇನಿ, ಅದೂ ಹಿಮ್ಮುಖ! ಹಂಗಾಗಿ ವಾರಕ್ಕೊಮ್ಮೆರೆ ನಮ್ಮ ಹುಬ್ಬಳ್ಳಿ ನೃಪತುಂಗ ಬೆಟ್ಟಕ್ಕ ಹೋಗಿ ಇಳಿಯೂದ ರೂಢಿ ಮಾಡ್ರಿ. ಮೊಣಕಾಲು ತುಸು ಮಡಚಿರ್ಲಿ, ಮೈ ಹಿಂದಕ್ಕ ವಾಲಬಾರದು, ಕಣ್ಣು ಕಾಲ ಬುಡಕ್ಕಲ್ಲ, ನಾಕು ಹೆಜ್ಜಿ ಮುಂದ ಇರಬೇಕು. ಸ್ಪರ್ಧೆಗೆ ವಾರ-ಹತ್ತು ದಿನ ಇದ್ದಾಗ ಜೋರು ಇಳಿತ ಬಿಟ್ಟಬಿಡ್ರಿ.

ಗದಗಿನವರು ರೂಢಿ ಮಾಡಾಕ ನಮಗ ಕಪ್ಪತಗುಡ್ಡ ಐತಿ ಅಂತೀರಿ. ಅದು ವನ್ಯಜೀವಿಧಾಮ ಐತಿ, ಅರಣ್ಯ ಇಲಾಖೆಯವರನ್ನ ಕೇಳದ ಒಳದಾರಿ ಹಿಡೀಬ್ಯಾಡ್ರಿ.

ಇನ್ನೊಂದು: ಸ್ಪರ್ಧೆಗೆ ಎರಡು ದಿನ ಮೊದಲ ಕಾಲುಗುರು ಕತ್ತರಿಸ್ರಿ. ಇಳಿಯುವಾಗ ಬೆರಳು ಬೂಟಿನ ತುದಿಗೆ ಬಡದು ಉಗುರು ಕಪ್ಪಾಗ್ತಾವ. ಹೊಸಾ ಬೂಟಂತೂ ಬ್ಯಾಡೇ ಬ್ಯಾಡ.