ನನಗಿದ್ದದ್ದು ಜಾಸ್ತಿ ಥೈರಾಯ್ಡ್

ಸೂಜಿಗೆ ದಾರ ಪೋಣಿಸಲು ಆಗದಿದ್ದಾಗ ಕಣ್ಣು ಮಂಜಾಯಿತು ಅಂದುಕೊಂಡೆ. ಆಮೇಲೆ ನೋಡಿದರೆ ಕೈ ನಡುಗುತ್ತಿತ್ತು. ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮೂರು ತಿಂಗಳಲ್ಲಿ 56 ಕೆಜಿಯಿಂದ 48ಕ್ಕೆ ಇಳಿದು, ನನ್ನ ಬ್ಲೌಸನ್ನೇ ಎರಡು ಸಲ ಒಳಗೆ ಹಿಡಿದು ಹೊಲಿದಿದ್ದೆ. ಹಸಿವು ಮಾತ್ರ ವಿಪರೀತ. ಎದೆ ಡವಡವ, ಬೆವರು, ದಿನಕ್ಕೆ ನಾಲ್ಕು ಸಲ ಹೊಟ್ಟೆ ಕೆಡುವುದು. ರಕ್ತ ಪರೀಕ್ಷೆಯಲ್ಲಿ, ಕತ್ತಿನ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ತೀರಾ ಕಡಿಮೆ, ಆ ಗ್ರಂಥಿ ಮಾಡುವ ಹಾರ್ಮೋನುಗಳಾದ ಟಿ3, ಟಿ4 ಜಾಸ್ತಿ. ಅಂದರೆ ಜಾಸ್ತಿ ಥೈರಾಯ್ಡ್. ಡಾಕ್ಟರು ಆ ಹಾರ್ಮೋನು ಇಳಿಸುವ ಕಾರ್ಬಿಮಜೋಲ್ ಮಾತ್ರೆ ಬರೆದುಕೊಟ್ಟರು. ಈ ಮಾತ್ರೆ ನುಂಗುವಾಗ ಜ್ವರ, ಗಂಟಲು ನೋವು ಬಂದರೆ ತಡಮಾಡದೆ ಬನ್ನಿ ಅಂದರು.

ಥೈರಾಯ್ಡ್ ಅಂದದ್ದೇ ತಡ, ಓಣಿಯವರೆಲ್ಲ "ಅನ್ನ ಬಿಡು, ಬೆಣ್ಣೆ ಮುಟ್ಟಬೇಡ" ಅಂದರು. ಅವರು ಕಂಡದ್ದು ಮೈ ದಪ್ಪವಾಗುವ ಕಡಿಮೆ ಥೈರಾಯ್ಡ್. ನಾನೂ ಎರಡು ವಾರ ಕೇಳಿದೆ. ಇನ್ನೊಂದು ಕೆಜಿ ಹೋಯಿತು!

ಡಾಕ್ಟರು ಹೇಳಿದ್ದು ಉಲ್ಟಾ: ಸ್ವಲ್ಪ ಸ್ವಲ್ಪವೇ, ಆದರೆ ಪದೇ ಪದೇ ತಿನ್ನಿ. ಥೈರಾಯ್ಡ್ ಹಾರ್ಮೋನು ಜಾಸ್ತಿಯಾದರೆ ಮಾಂಸಖಂಡ ಕರಗುತ್ತೆ, ಮೂಳೆಯೂ ಸವೆಯುತ್ತೆ. ಹಾಗಾಗಿ ಮಧ್ಯಾಹ್ನ ರಾಗಿಮುದ್ದೆ, ಜೊತೆಗೆ ಹೆಸರುಕಾಳು ಸಾರು ಅಥವಾ ಮೊಟ್ಟೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯಂತೆ. ರಾತ್ರಿ ಹಾಲು. ಮೆಣಸಿನಕಾಯಿ ಬಜ್ಜಿಗೆ ಹೊಟ್ಟೆ ಒಪ್ಪಲಿಲ್ಲ, ಮಂಡಕ್ಕಿಯನ್ನು ಬಜ್ಜಿ ಇಲ್ಲದೆ ತಿಂದೆ. ಸಪ್ಪೆ ಅನ್ನಿಸಿತು, ಇರಲಿ.

ಕಷ್ಟವಾದದ್ದು ಚಹಾ ಕಡಿಮೆ ಮಾಡುವುದು. ಹೊಲಿಗೆ ಮಧ್ಯೆ ಆರು ಲೋಟ ಕುಡಿಯುತ್ತಿದ್ದವಳು ನಾನು. ಚಹಾ ಕುಡಿದ ಮೇಲೆ ಎದೆಬಡಿತ ಇನ್ನೂ ಏರುತ್ತಿತ್ತು. ಒಂದಕ್ಕೆ ಇಳಿಸಿದ ಮೇಲೆ ಕತ್ತರಿ ಹಿಡಿಯುವ ಧೈರ್ಯ ಬಂತು.

ಅಯೋಡಿನ್ ಉಪ್ಪು ಬಿಡಬೇಕಾ ಅಂತ ಕೇಳಿದೆ. ಗ್ರಂಥಿ ಹಾರ್ಮೋನು ಮಾಡುವುದೇ ಅಯೋಡಿನ್‌ನಿಂದ, ಅಲ್ವಾ? ನನಗೆ ಅಡುಗೆ ಉಪ್ಪು ನಡೆಯುತ್ತೆ, ಸಮುದ್ರ ಪಾಚಿ ಪುಡಿ, ಅಯೋಡಿನ್ ಟಾನಿಕ್ ಬೇಡ ಅಂದರು. ಎಲೆಕೋಸಿನ ರಸ ಕುಡಿದು ಮಾತ್ರೆ ಬಿಡುತ್ತೇನೆ ಅಂದಾಗ ಸುಮ್ನೆ ನಕ್ಕರು. ಪಲ್ಯ ಮಾಡಿ ತಿನ್ನಿ, ಮಾತ್ರೆ ಬಿಡಬೇಡಿ. ಕೂದಲಿಗೆ ಅಂತ ನುಂಗುತ್ತಿದ್ದ ಬಯೋಟಿನ್ ಮಾತ್ರೆಯನ್ನೂ ರಕ್ತ ಕೊಡುವ ಮುಂಚೆ ನಿಲ್ಲಿಸಿದರು. ಅದು ಥೈರಾಯ್ಡ್ ಅಂಕಿಗಳನ್ನೇ ತಪ್ಪಾಗಿ ತೋರಿಸಬಹುದಂತೆ.

ಐದನೇ ತಿಂಗಳಿಗೆ ಅಂಕಿ ಸರಿಯಾದವು, ತೂಕ 55. ಆದರೆ ಬಾಯಿಗೆ ಹಳೇ ರೂಢಿ ಬಿಟ್ಟಿರಲಿಲ್ಲ. ಮೂರು ಬೆಣ್ಣೆ ದೋಸೆ ಇಳಿಯುತ್ತಲೇ ಇತ್ತು. ಈಗ ಒಂದಕ್ಕೇ ಏಳುತ್ತೇನೆ. ಒಳಗೆ ಹಿಡಿದಿದ್ದ ಹೊಲಿಗೆಯನ್ನೆಲ್ಲ ಬಿಚ್ಚಿ ಆಗಿದೆ, ಇನ್ನು ಬಿಡೋಕೆ ಬಟ್ಟೆ ಇಲ್ಲ.