ಚಕ್ಕೋತದ ರಸ ಮತ್ತು ಅಪ್ಪನ ಬಿಪಿ ಮಾತ್ರೆ

ದೇವನಹಳ್ಳಿ ಸೀಮೆಯ ನಮ್ಮ ಮನೆಯ ಹಿತ್ತಲಲ್ಲಿ ಒಂದು ಚಕ್ಕೋತದ ಮರವಿದೆ. ಔಷಧಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಫಾರ್ಮಸಿಸ್ಟ್ ಆಗಿರುವ ನನಗೆ, ಆ ಹಣ್ಣಿಗೂ ಅಪ್ಪನ ರಕ್ತದೊತ್ತಡದ ಮಾತ್ರೆಗೂ ನಂಟಿರಬಹುದೆಂದು ಹೊಳೆಯಲು ಒಂದು ವಾರ ಬೇಕಾಯಿತು.

ಅಪ್ಪ ಫೆಲೊಡಿಪಿನ್ 5 ಮಿಲಿಗ್ರಾಂ ನುಂಗುತ್ತಿದ್ದರು. ಬಿಪಿ 136/82ರ ಆಸುಪಾಸಿನಲ್ಲಿಯೇ ಇರುತ್ತಿತ್ತು. ಹಣ್ಣು ಬಲಿತ ಕಾಲದಲ್ಲಿ ಒಂದು ಬೆಳಿಗ್ಗೆ ಅದು 102/60ಕ್ಕೆ ಇಳಿದಿತ್ತು; ಎದ್ದು ನಿಂತರೆ ತಲೆ ಸುತ್ತುತ್ತಿತ್ತು, ಚಪ್ಪಲಿಯ ಪಟ್ಟಿಯ ಗುರುತು ಊದಿದ ಪಾದದ ಮೇಲೆ ಅಚ್ಚೊತ್ತಿದಂತೆ ಉಳಿಯುತ್ತಿತ್ತು. ಮರೆತು ಎರಡು ಮಾತ್ರೆ ನುಂಗಿರಬೇಕೆಂದು ಸ್ಟ್ರಿಪ್ ಎಣಿಸಿದೆ. ಲೆಕ್ಕ ಸರಿಯಾಗಿತ್ತು. "ಮಾತ್ರೆಯನ್ನು ಏತರ ಜೊತೆ ನುಂಗ್ತೀಯಪ್ಪಾ?" ಎಂದು ಕೇಳಿದಾಗಲೇ, ವಾರದಿಂದ ದಿನವೂ ಒಂದು ಲೋಟ ಚಕ್ಕೋತದ ರಸ ಕುಡಿಯುತ್ತಿರುವುದು ತಿಳಿಯಿತು.

ಚಕ್ಕೋತದ ಹತ್ತಿರದ ಬಂಧು ಗ್ರೇಪ್‌ಫ್ರೂಟ್. ಕೆನಡಾದ ಡೇವಿಡ್ ಬೈಲಿ ಅವರ ತಂಡ ಫೆಲೊಡಿಪಿನ್ ಮತ್ತು ಮದ್ಯಸಾರದ ಸಂಬಂಧವನ್ನು ಪರೀಕ್ಷಿಸುವಾಗ, ಮದ್ಯದ ರುಚಿ ಮರೆಸಲು ಆ ಹಣ್ಣಿನ ರಸ ಬೆರೆಸಿತ್ತು; ರಕ್ತದಲ್ಲಿ ಔಷಧಿ ನಿರೀಕ್ಷೆ ಮೀರಿ ಏರಿದ್ದಕ್ಕೆ ಕಾರಣ ರಸವೇ ಎಂದು 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ರಸದಲ್ಲಿರುವ ಫ್ಯೂರನೊಕೌಮರಿನ್‌ಗಳು ಕರುಳಿನ ಗೋಡೆಯ ಸಿವೈಪಿ3ಎ4 ಎಂಬ ಕಿಣ್ವವನ್ನು ಹಾಳುಗೆಡಹುವುದರಿಂದ, ಅಲ್ಲಿಯೇ ಒಡೆದು ಹೋಗಬೇಕಿದ್ದ ಔಷಧಿಯ ಪಾಲು ರಕ್ತಕ್ಕೆ ಸೇರುತ್ತದೆ. ಚಕ್ಕೋತದಲ್ಲಿಯೂ ಇದೇ ರಾಸಾಯನಿಕಗಳಿವೆ. ಕರುಳು ಹೊಸ ಕಿಣ್ವ ತಯಾರಿಸಿಕೊಳ್ಳಲು ಒಂದೆರಡು ದಿನವಾದರೂ ಬೇಕು. ಆದ್ದರಿಂದ ರಸವನ್ನು ಬೆಳಿಗ್ಗೆ, ಮಾತ್ರೆಯನ್ನು ರಾತ್ರಿ ಎಂದು ಹೊಂದಿಸಿಕೊಂಡರೂ ಪ್ರಯೋಜನವಿಲ್ಲ.

ನಾನು ನಿಲ್ಲಿಸಿದ್ದು ರಸವನ್ನು, ಮಾತ್ರೆಯನ್ನಲ್ಲ. ಅದೇ ದಿನ ವೈದ್ಯರಿಗೆ ತಿಳಿಸಿ, ಬೆಳಿಗ್ಗೆ ಸಂಜೆ ಕುಳಿತಾಗಲೂ ನಿಂತಾಗಲೂ ಬಿಪಿ ನೋಡಿ ಕ್ಯಾಲೆಂಡರಿನ ಮೇಲೆಯೇ ಬರೆದಿಟ್ಟೆ. ನಾಲ್ಕನೆಯ ದಿನ 130/80 ಬಂದಿತು. ಮುಂದೆ ವೈದ್ಯರು, ಈ ಹಣ್ಣಿನಿಂದ ಅಷ್ಟಾಗಿ ಬಾಧಿತವಾಗದ ಆಮ್ಲೋಡಿಪಿನ್ ಮಾತ್ರೆಗೆ ಬದಲಾಯಿಸಿದರು.

ರಸವೆಂದರೆ ಔಷಧಿಯನ್ನು ಹೆಚ್ಚಿಸುವುದು ಮಾತ್ರವೇ ಅಲ್ಲ. ಸೇಬಿನ ರಸ ಅಟೆನೊಲಾಲ್ ಎಂಬ ಬಿಪಿ ಮಾತ್ರೆ ಕರುಳಿನಿಂದ ಹೀರಲ್ಪಡುವುದನ್ನೇ ತಗ್ಗಿಸುತ್ತದೆ. ಟೆಲ್ಮಿಸಾರ್ಟಾನ್ ಎಂಬ ಇನ್ನೊಂದು ಬಿಪಿ ಮಾತ್ರೆ ನುಂಗುವವರ ಮೂತ್ರಪಿಂಡ ಸೊರಗಿದ್ದರೆ, ದಿನವೂ ಎಳನೀರು ಕುಡಿದಾಗ ರಕ್ತದ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಈಗ ಅಂಗಡಿಯಲ್ಲಿ ಬಿಪಿ ಮಾತ್ರೆ ಕೊಡುವಾಗ, ಊಟಕ್ಕೆ ಮೊದಲೋ ನಂತರವೋ ಎನ್ನುವುದರ ಜೊತೆಗೆ ಏನು ಕುಡಿಯುತ್ತೀರೆಂದೂ ಕೇಳುತ್ತೇನೆ. ಎಳನೀರೂ ತಪ್ಪೇ ಎಂದು ಕೆಲವರು ಮುಖ ಕಿರಿದು ಮಾಡುತ್ತಾರೆ; ಅಂಥವರಿಗೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ತರಲು ಹೇಳಿ, ಅವರ ವೈದ್ಯರ ಬಳಿಗೇ ಕಳುಹಿಸುತ್ತೇನೆ.