ಕಾರ್ಸಿಕಾದ ಒಳನಾಡಿನಲ್ಲಿ ಸೈಕಲ್: ದೂರಕ್ಕಿಂತ ಏರಿನ ಲೆಕ್ಕ ಮುಖ್ಯ

ಮೆಡಿಟರೇನಿಯನ್ ಸಮುದ್ರದಲ್ಲಿರುವ, ಫ್ರಾನ್ಸಿಗೆ ಸೇರಿದ ಕಾರ್ಸಿಕಾ ದ್ವೀಪದ ಉದ್ದ 183 ಕಿ.ಮೀ., ಅಗಲ ಹೆಚ್ಚೆಂದರೆ 83 ಕಿ.ಮೀ. ಈ ಅಂಕಿ ನೋಡಿದವರು ದಿನಕ್ಕೆ ನೂರು ಕಿ.ಮೀ. ಎಂದು ಲೆಕ್ಕ ಹಾಕಿ ಹೊರಡುತ್ತಾರೆ. ಕರಾವಳಿ ಬಿಟ್ಟು ಒಳಗೆ ಹೋದ ಮೇಲೆ ಆ ಲೆಕ್ಕ ನಡೆಯುವುದಿಲ್ಲ. ಸಮುದ್ರದಿಂದ ಸ್ವಲ್ಪವೇ ಒಳಗೆ 2,706 ಮೀಟರ್ ಎತ್ತರದ ಮೋಂತೆ ಚಿಂತೊ ನಿಂತಿದೆ. ದ್ವೀಪದ ಬೆನ್ನುದ್ದಕ್ಕೂ ಅದೇ ಸಾಲು. ರಸ್ತೆಗಳು ಕಣಿವೆಯಿಂದ ಕಣಿವೆಗೆ ದಾಟುವಾಗ ಪ್ರತಿ ಸಲವೂ ಸಾವಿರ ಮೀಟರಿನ ಮೇಲಿನ ಕಣಿವೆದಾರಿಯನ್ನು (ಬೆಟ್ಟಸಾಲು ದಾಟುವ ಎತ್ತರದ ಜಾಗ) ಹತ್ತಿ ಇಳಿಯಬೇಕು. ಹಾಗಾಗಿ ನಾನು ಯೋಜನೆಯನ್ನು ಏರಿನ ಮೀಟರ್‌ನಲ್ಲೇ ಹಾಕುತ್ತೇನೆ, ಕಿಲೋಮೀಟರ್ ಆಮೇಲೆ.

ಒಳನಾಡಿಗೆ ಬೆನ್ನೆಲುಬಾಗಿರುವುದು ಡಿ 69 ರಸ್ತೆ. ವಿವಾರಿಯೊ ಎಂಬ ಊರಿನಿಂದ ಹೊರಟು ಸೋರ್ಬಾ ಕಣಿವೆದಾರಿ (1,311 ಮೀ.) ಹತ್ತಿ ಗಿಸೋನಿಗೆ ಇಳಿಯುತ್ತದೆ. ಅಲ್ಲಿಂದ ವೆರ್ದೆ (1,289 ಮೀ.) ದಾಟಿ ಕೊಜ್ಜಾನೊ, ಜಿಕಾವೊ. ಮತ್ತೆ ವಾಚ್ಚಾ (1,193 ಮೀ.) ಹತ್ತಿ ಔಲ್ಲೆನ್. ಅಲ್ಲಿಂದ ಡಿ 420 ಹಿಡಿದರೆ ಕ್ವೆಂಜಾ ಮಾರ್ಗವಾಗಿ ಜೋಂಜಾ. ವಿವಾರಿಯೊ, ಗಿಸೋನಿ ಎರಡೂ ಇರುವುದು ಸುಮಾರು 650 ಮೀಟರಿನಲ್ಲಿ. ಅಂದರೆ ಸೋರ್ಬಾ, ವೆರ್ದೆ ಎರಡನ್ನೂ ಒಂದೇ ದಿನ ಮುಗಿಸಿದರೆ ಸುಮಾರು 40 ಕಿ.ಮೀ. ದಾರಿಯಲ್ಲಿ 1,300 ಮೀಟರ್ ಏರು. ಸಾಮಾನು ಹೊತ್ತ ಸೈಕಲ್ಲಿಗೆ ದಿನಕ್ಕೆ 1,500 ಮೀಟರ್ ನನ್ನ ಮಿತಿ.

ಇಷ್ಟೆಲ್ಲ ನಿಂತಿರುವುದು ಗೇರಿನ ಮೇಲೆ. ಸವಾರ 70 ಕೆಜಿ, ಸೈಕಲ್ 12, ಸಾಮಾನು 13, ಒಟ್ಟು 95 ಕೆಜಿ ಎಂದಿಟ್ಟುಕೊಳ್ಳಿ. ಇಲ್ಲಿನ ಏರು ಬಹುಪಾಲು ಶೇ. 5ರಿಂದ 7. ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೂ 34 ಹಲ್ಲು ಇದ್ದು ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 7.7 ಕಿ.ಮೀ. ಶೇ. 6ರ ಏರಿನಲ್ಲಿ ಅದಕ್ಕೆ ಬೇಕಾಗುವುದು ಸುಮಾರು 135 ವ್ಯಾಟ್. ಹಿಂದಿನ ದೊಡ್ಡ ಹಲ್ಲುಚಕ್ರ 28 ಹಲ್ಲಿನದಾದರೆ ಅದೇ ಸುತ್ತಿಗೆ 165 ವ್ಯಾಟ್ ಬೇಕು. ಮೊದಲ ಅರ್ಧ ಗಂಟೆ ಈ ವ್ಯತ್ಯಾಸ ಗೊತ್ತಾಗದು. ಎರಡನೇ ಗಂಟೆಯಲ್ಲಿ ಮಂಡಿ ಹೇಳುತ್ತದೆ. ನಾನು ಹಾಕಿಕೊಳ್ಳುವುದು ಮುಂದೆ 46 ಮತ್ತು 30 ಹಲ್ಲಿನ ಎರಡು ಚಕ್ರ, ಹಿಂದೆ 11ರಿಂದ 36 ಹಲ್ಲಿನವರೆಗಿನ ಸಾಲು. ಅದರ 30–36 ಗೇರಿನಲ್ಲಿ ಅದೇ 60 ಸುತ್ತಿಗೆ 112 ವ್ಯಾಟ್ ಸಾಕು. ಈ ಜೋಡಣೆಗೆ ಹಿಂದಿನ ಡಿರೈಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) 41 ಹಲ್ಲಿನ ಒಟ್ಟು ಸಾಮರ್ಥ್ಯದ್ದಿರಬೇಕು: ಮುಂದಿನ ವ್ಯತ್ಯಾಸ 16, ಹಿಂದಿನದು 25. ಚಿಕ್ಕ ಕೇಜಿನ ಡಿರೈಲರ್ ಇಟ್ಟುಕೊಂಡು ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಸಾಲು) ಮಾತ್ರ ಬದಲಿಸಿದರೆ, ಮುಂದೆ ಹಿಂದೆ ಎರಡೂ ಸಣ್ಣ ಚಕ್ರವಿರುವ ಸಣ್ಣದು–ಸಣ್ಣದು ಗೇರಿನಲ್ಲಿ ಚೈನ್ ಜೋತುಬೀಳುತ್ತದೆ. ಹಾಗಾಗದಿರಲಿ ಎಂದು ಚೈನ್ ಚಿಕ್ಕದು ಮಾಡಿದರೆ ದೊಡ್ಡದು–ದೊಡ್ಡದು ಗೇರಿನಲ್ಲಿ ಡಿರೈಲರ್ ಕಿತ್ತುಬರುತ್ತದೆ. 34–34ರ, ಅಂದರೆ 1:1 ಗೇರಿನಲ್ಲಿ ಶೇ. 6ರ ಏರಿನಲ್ಲಿ 100 ಮೀಟರ್ ಎತ್ತರ ಏರಲು ಸುಮಾರು 13 ನಿಮಿಷ ಹಿಡಿಯುತ್ತದೆ. 1,300 ಮೀಟರಿಗೆ ಬರೀ ಏರಿನ ಸಮಯವೇ 2 ಗಂಟೆ 50 ನಿಮಿಷ. ದಿನದ ವೇಳಾಪಟ್ಟಿ ಬರೆಯಬೇಕಾದದ್ದು ಈ ಅಂಕಿಯಿಂದ.

ಟೈರ್ 35ರಿಂದ 40 ಮಿ.ಮೀ. ನನ್ನದು 38, ಗಾಳಿ ಮುಂದೆ 42, ಹಿಂದೆ 52 ಪಿ.ಎಸ್.ಐ. ತೂಕವನ್ನೆಲ್ಲ ಹಿಂದಿನ ಪ್ಯಾನಿಯರ್‌ಗೇ (ಚಕ್ರದ ಪಕ್ಕಕ್ಕೆ ನೇತುಹಾಕುವ ಚೀಲ) ಹಾಕಿದರೆ ಕಡಿದಾದ ತಿರುವಿನಲ್ಲಿ ಮುಂಚಕ್ರ ಹಗುರಾಗಿ ದಿಕ್ಕು ತಪ್ಪುತ್ತದೆ. ಮೂರು ನಾಲ್ಕು ಕೆಜಿ ಹ್ಯಾಂಡಲ್ ಚೀಲಕ್ಕೋ ಮುಂದಿನ ಫೋರ್ಕಿಗೋ ಬರಲಿ.

ಇಳಿಜಾರಿನ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಏರಿನಲ್ಲಿ ಸುಸ್ತಾಗುತ್ತದೆ ಅಷ್ಟೇ, ಅಪಘಾತವಾಗುವುದು ಇಳಿಯುವಾಗ. ಭಾರತದಿಂದ ಹೋದವರು ಮೊದಲು ನೋಡಬೇಕಾದದ್ದು ಬ್ರೇಕ್ ಲಿವರ್. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನ ಬ್ರೇಕಿಗೆ. ಫ್ರಾನ್ಸಿನಲ್ಲಿ ಬಾಡಿಗೆಗೆ ಸಿಗುವ ಸೈಕಲ್‌ಗಳಲ್ಲಿ ಎಡಗೈಯದು ಮುಂದಿನದು. ಗಾಬರಿಯಲ್ಲಿ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ. ಹಿಂದಿನದನ್ನು ಮೆಲ್ಲಗೆ ಒತ್ತುತ್ತೇನೆ ಎಂದುಕೊಂಡು ಮುಂದಿನದನ್ನು ಒತ್ತಿದರೆ, ಪೈನ್ ಎಲೆ ಬಿದ್ದ ತಿರುವಿನಲ್ಲಿ ಮುಂಚಕ್ರ ಜಾರುತ್ತದೆ. ಕೇಬಲ್ ಬ್ರೇಕ್ ಆದರೆ ಅದಲುಬದಲು ಮಾಡುವುದು ಸುಲಭ. ಹೈಡ್ರಾಲಿಕ್ ಆದರೆ ಬುಕ್ ಮಾಡುವಾಗಲೇ ಕೇಳಿಕೊಳ್ಳಬೇಕು. ಅಂಗಡಿಯವರು ಒಪ್ಪದಿದ್ದರೆ ಮೊದಲ ದಿನ ಸಮತಟ್ಟು ರಸ್ತೆಯಲ್ಲಿ ಬೇಕೆಂದೇ ಹತ್ತಾರು ಸಲ ನಿಲ್ಲಿಸಿ ಕೈಗೆ ರೂಢಿ ಮಾಡಿಸಿ.

ಎರಡನೆಯದು ಬಲಬದಿಯ ಸಂಚಾರ. ಆಗುಂಬೆ, ಚಾರ್ಮಾಡಿಯಲ್ಲಿ ಓಡಿಸಿದವರಿಗೆ ಎಡತಿರುವು ಒಳಬದಿಯ ಬಿಗಿ ತಿರುವು ಎಂಬುದು ಮೈಗೆ ಗೊತ್ತು. ಇಲ್ಲಿ ಅದು ತಿರುವುಮುರುವು. ಬಲತಿರುವಿನಲ್ಲಿ ವೇಗ ಇಳಿಸದೆ ಹೋದರೆ ಎದುರಿನ ಸಾಲಿಗೆ ನುಗ್ಗುತ್ತೀರಿ. ಹ್ಯಾಂಡಲಿನ ಎಡತುದಿಗೆ ಕನ್ನಡಿ ಇರಲಿ.

ಮೂರನೆಯದು ಬಿಸಿ. 95 ಕೆಜಿ ತೂಕ 600 ಮೀಟರ್ ಕೆಳಗಿಳಿದರೆ ಸುಮಾರು 560 ಕಿಲೋಜೂಲ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಹೆದರಿ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದರಲ್ಲಿ ಬಹುಪಾಲು ರಿಮ್ಮಿಗೋ ಡಿಸ್ಕಿಗೋ ಹೋಗುತ್ತದೆ. ರಿಮ್ ಬ್ರೇಕಾದರೆ ಟ್ಯೂಬಿನ ಗಾಳಿ ಹಿಗ್ಗಿ ಟೈರ್ ಸಿಡಿಯಬಹುದು. ಡಿಸ್ಕಾದರೆ ರಾಳದ ಪ್ಯಾಡ್ ಮೇಲೆ ಗಾಜಿನಂಥ ಪದರ ಕಟ್ಟಿ, ಕಿರ್ರೆಂದು ಕೂಗಿ ಹಿಡಿತ ಬಿಡುತ್ತದೆ. ನೇರ ರಸ್ತೆಯಲ್ಲಿ ಬಿಟ್ಟುಬಿಡಿ, ಗಾಳಿಯೇ ಒಂದಷ್ಟು ತಡೆಯುತ್ತದೆ. ತಿರುವಿಗೆ ಮೊದಲು ಎರಡೂ ಬ್ರೇಕ್ ಗಟ್ಟಿಯಾಗಿ, ಸ್ವಲ್ಪ ಹೊತ್ತು ಒತ್ತಿ, ತಿರುವಿನೊಳಗೆ ಬಿಡಿ. ಡಿಸ್ಕಿಗೆ ಲೋಹಮಿಶ್ರಿತ ಪ್ಯಾಡ್ ವಾಸಿ, ಆದರೆ ಡಿಸ್ಕ್ ಅದಕ್ಕೆ ಒಗ್ಗುವಂಥದ್ದೇ ಎಂದು ಅದರ ಮೇಲಿನ ಬರಹ ನೋಡಿಕೊಳ್ಳಿ. ಪ್ಯಾಡಿನ ದಪ್ಪ 1 ಮಿ.ಮೀ.ಗೆ ಬಂದರೆ ಕಣಿವೆದಾರಿ ಹತ್ತುವ ಮೊದಲೇ ಬದಲಿಸಿ.

ವಿವಾರಿಯೊ–ಜೋಂಜಾ ನಡುವೆ ಸೈಕಲ್ ಅಂಗಡಿಯನ್ನು ನಂಬಿಕೊಂಡು ಹೋಗಬೇಡಿ. ಎರಡು ಟ್ಯೂಬ್, ಪ್ಯಾಚ್, ಎರಡು ಜೊತೆ ಪ್ಯಾಡ್, ಚೈನ್ ಜೋಡಿಸುವ ಲಿಂಕ್, ಗೇರ್ ಕೇಬಲ್, ಹಿಂಚಕ್ರದ ಗೇರ್ ಬದಿಯ ಅಳತೆಯ ಮೂರು ಸ್ಪೋಕ್, ಜೊತೆಗೆ ಡಿರೈಲರನ್ನು ಫ್ರೇಮಿಗೆ ಜೋಡಿಸುವ, ನಿಮ್ಮ ಫ್ರೇಮಿಗೇ ಹೊಂದುವ ಹ್ಯಾಂಗರ್. ಕೊನೆಯದು ಬೇರೆ ಎಲ್ಲಿಯೂ ಸಿಗುವುದಿಲ್ಲ.

ಇಲ್ಲಿನ ಕಾಡು ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ, ನಿಮ್ಮ ವೇಳಾಪಟ್ಟಿ ಅದನ್ನೇ ಅವಲಂಬಿಸಿದೆ. ಕೆಳಗೆ ಗಿಡ್ಡ ಕುರುಚಲು, ನೆರಳಿಲ್ಲ. 500 ಮೀಟರ್ ದಾಟಿದರೆ ಚೆಸ್ಟ್‌ನಟ್ ತೋಪು. ಸಾವಿರದಾಚೆ ಬೀಚ್ ಮರ ಮತ್ತು ಲಾರಿಚಿಯೊ ಪೈನ್. ಹಿಂದೆ ದ್ವೀಪವನ್ನು ಆಳಿದ ಇಟಲಿಯ ಜಿನೋವಾದವರು ಹಡಗಿನ ಕೂವೆಮರಕ್ಕೆ ಕಡಿದು ಒಯ್ಯುತ್ತಿದ್ದ ನೆಟ್ಟನೆಯ ಮರ ಇದೇ. ಕುರುಚಲಿನ ಭಾಗವನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿ, ಬಿಸಿಲೇರುವಾಗ ಪೈನ್ ಕಾಡಿನಲ್ಲಿರಿ. ಮಧ್ಯಾಹ್ನದ ಮೇಲೆ ಶಿಖರಗಳಲ್ಲಿ ಮೋಡ ಕಟ್ಟಿ ಗುಡುಗು ಬರುವುದು ಸಾಮಾನ್ಯ, ಹನ್ನೆರಡರೊಳಗೆ ಕಣಿವೆದಾರಿಯ ನೆತ್ತಿ ದಾಟಿದ್ದರೆ ಒಳ್ಳೆಯದು.

ಹಂದಿ, ದನ ರಸ್ತೆಯಲ್ಲೇ ಇರುತ್ತವೆ. ಹಂದಿಗಳನ್ನು ಇಲ್ಲಿ ಬಿಟ್ಟು ಮೇಯಿಸುತ್ತಾರೆ; ಶರತ್ಕಾಲದಲ್ಲಿ ಚೆಸ್ಟ್‌ನಟ್ ಉದುರುವಾಗ ತೋಪಿನ ರಸ್ತೆ ಪೂರ್ತಿ ಅವುಗಳದೇ. ತಾಯಿಹಂದಿ ಒಂದು ಬದಿ, ಮರಿಗಳು ಇನ್ನೊಂದು ಬದಿ ಇದ್ದರೆ ನಡುವೆ ತೂರಬೇಡಿ, ನಿಂತು ದಾಟಲು ಬಿಡಿ. ಕುರುಡು ತಿರುವಿನಾಚೆ ಹಸು ಮಲಗಿದೆ ಎಂದುಕೊಂಡೇ ಇಳಿಯಿರಿ.

ನೀರಿಗೆ ಊರೂರಿನಲ್ಲಿ ಕಲ್ಲಿನ ಬುಗ್ಗೆಗಳಿವೆ. ಕುಡಿಯುವಂಥದಲ್ಲ ಎಂಬ ಫಲಕ ಇದೆಯೇ ನೋಡಿ. ಮೇಲೆ ದನ ಮೇಯುವುದರಿಂದ ಹಳ್ಳದ ನೀರನ್ನು ಸೋಸದೆ ಕುಡಿಯಬಾರದು. ಕಣಿವೆದಾರಿಗೆ ಹೊರಡುವಾಗ ಎರಡು ಲೀಟರ್ ತುಂಬಿರಲಿ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಮೂರು ಗಂಟೆಯಷ್ಟು ಹೊತ್ತು ಮುಚ್ಚಿರುತ್ತವೆ, ಭಾನುವಾರ ಹಲವು ತೆರೆಯುವುದೇ ಇಲ್ಲ. ಒಂದು ಹೊತ್ತಿನ ಊಟ ಸದಾ ಚೀಲದಲ್ಲಿರಲಿ. ಸಸ್ಯಾಹಾರಿಗಳು ಬ್ರೋಚು ಎಂಬ ಕುರಿ–ಮೇಕೆ ಹಾಲಿನ ಚೀಸಿನ ಅಡುಗೆ ಕೇಳಬಹುದು. ಚೆಸ್ಟ್‌ನಟ್ ಹಿಟ್ಟಿನ ಪುಲೆಂಡಾ ನಮ್ಮ ಮುದ್ದೆಗೆ ಹತ್ತಿರ. ನಗದು ಇಟ್ಟುಕೊಳ್ಳಿ, ಎಟಿಎಂ ವಿರಳ.

ಕಾಡಿನಲ್ಲಿ ಕಂಡಕಂಡಲ್ಲಿ ಡೇರೆ ಹಾಕುವಂತಿಲ್ಲ, ಬೇಸಿಗೆಯಲ್ಲಿ ಒಲೆ ಹಚ್ಚುವಂತಿಲ್ಲ. ಗಾಳಿ ಜೋರಾದ ದಿನ ಬೆಂಕಿಯ ಭಯದಿಂದ ಕೆಲವು ಕಾಡುಗಳನ್ನೇ ಮುಚ್ಚುತ್ತಾರೆ, ಹಿಂದಿನ ಸಂಜೆಯೇ ಉಳಿದಲ್ಲಿ ವಿಚಾರಿಸಿ. ಕೊಜ್ಜಾನೊ, ಕ್ವೆಂಜಾದಂಥ ಊರುಗಳಲ್ಲಿ ಚಾರಣಿಗರ ತಂಗುಮನೆ ಸಿಗುತ್ತವೆ. ಡೇರೆ ಬಿಟ್ಟು ಅಲ್ಲಿ ಉಳಿದರೆ ಸಾಮಾನು 13ರಿಂದ 8 ಕೆಜಿಗೆ ಇಳಿಯುತ್ತದೆ. ನನ್ನ ಆಯ್ಕೆ ಅದೇ. ಕಾಲ ಮೇ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್.

ಉತ್ತರದ ಬಂದರು ಬಾಸ್ತಿಯಾದಲ್ಲಿ ಹಡಗಿಳಿದವರು ಕೋರ್ತೆ ಮೂಲಕ ಹೋಗುವ ಟಿ 20 ಹೆದ್ದಾರಿಯಲ್ಲಿ ತುಳಿಯುವುದಕ್ಕಿಂತ ರೈಲು ಹಿಡಿಯುವುದು ಮೇಲು. ಬಾಸ್ತಿಯಾ–ಅಜಾಕ್ಸಿಯೊ ಮೀಟರ್ ಗೇಜ್ ರೈಲು ವಿವಾರಿಯೊದಲ್ಲಿ ನಿಲ್ಲುತ್ತದೆ, ಅಲ್ಲೇ ಡಿ 69 ಸಿಗುತ್ತದೆ. ಸೈಕಲ್ಲಿಗೆ ಜಾಗ ಕಡಿಮೆ, ಮೊದಲೇ ನಿಲ್ದಾಣದಲ್ಲಿ ಕೇಳಿಕೊಳ್ಳಿ. ಹೆಸರುಗಳು ಫಲಕದಲ್ಲಿ ಕಾರ್ಸಿಕನ್ ರೂಪದಲ್ಲೂ ಇರುತ್ತವೆ, ಕೋರ್ತೆಗೆ ಕೋರ್ತಿ, ಜಿಕಾವೊಗೆ ಜಿಕಾವು. ಎಷ್ಟೋ ಕಡೆ ಫ್ರೆಂಚ್ ರೂಪಕ್ಕೆ ಬಣ್ಣ ಬಳಿದಿರುತ್ತಾರೆ, ಹಾಗಾಗಿ ನಕ್ಷೆಯಲ್ಲಿ ಎರಡನ್ನೂ ಗುರುತು ಮಾಡಿಕೊಳ್ಳಿ.

ಜೋಂಜಾ ತಲುಪಿದ ಮೇಲೆ ಎರಡು ದಾರಿ. ಬಾವೆಲ್ಲಾ ಕಣಿವೆದಾರಿ (1,218 ಮೀ.) ಅಲ್ಲಿಂದ 9 ಕಿ.ಮೀ.; ಅದರಾಚೆ ಸೊಲೆಂಜಾರಾಕ್ಕೆ 30 ಕಿ.ಮೀ. ಸಮುದ್ರಮಟ್ಟದವರೆಗೆ ಇಳಿತ. ಕ್ಯಾಂಪರ್ ವ್ಯಾನುಗಳು ಬರುವ ಮೊದಲು, ಎಂಟರೊಳಗೆ ನೆತ್ತಿಯಲ್ಲಿದ್ದರೆ ರಸ್ತೆ ನಿಮ್ಮದು. ಆದರೆ ಸೊಲೆಂಜಾರಾದಿಂದ ಬಾಸ್ತಿಯಾಗೆ ರೈಲಿಲ್ಲ. ಪೂರ್ವ ಕರಾವಳಿಯ ಆ ಹಳಿ 1943ರ ಯುದ್ಧದಲ್ಲಿ ಹಾಳಾದದ್ದು ಮತ್ತೆ ಎದ್ದೇ ಇಲ್ಲ. ಉಳಿಯುವುದು ಲಾರಿ ಓಡಾಡುವ ಟಿ 10 ಹೆದ್ದಾರಿ. ಅದು ಬೇಡವೆಂದರೆ ಬಾವೆಲ್ಲಾಕ್ಕೆ ಸಾಮಾನಿಲ್ಲದೆ ಹೋಗಿ ಜೋಂಜಾಕ್ಕೆ ವಾಪಸಾಗಿ, ಮರುದಿನ ಡಿ 368ರಲ್ಲಿ ಓಸ್ಪೆದಾಲೆ ಕಾಡಿನ ಮೂಲಕ ಪೋರ್ತೊ ವೆಕ್ಕಿಯೊಗೆ ಇಳಿಯಿರಿ. ಸುಮಾರು 40 ಕಿ.ಮೀ. ದಾರಿ. ಫ್ರಾನ್ಸಿನ ಮುಖ್ಯಭೂಮಿಯ ಮಾರ್ಸೇಗೆ ಹಡಗು ಆ ಬಂದರಿನಿಂದಲೂ ಹೊರಡುತ್ತದೆ. ಪ್ರತಿದಿನ ಇರದಿರಬಹುದು, ಟಿಕೆಟ್ ಮೊದಲು ಮಾಡಿ ಅದರಿಂದ ಹಿಂದಕ್ಕೆ ದಿನಗಳನ್ನು ಎಣಿಸಿ.